ಅಕ್ಕನಿಗೆ ಜರ್ಮನಿಯಿಂದ: ಈಸ್ಟರ್ ರಜೆಯಲ್ಲಿ ನೋಡಿದ ಸಿನಿಮಾಗಳು

ಪ್ರೀತಿಯ ಅಕ್ಕ,

ಮನೆಯಲ್ಲಿ ಎಲ್ಲರೂ ಆರಾಮ ಇದ್ದೀರಿ ಅಂದ್ಕೊಂಡಿದ್ದೇನೆ. ಇಲ್ಲಿ ಈಸ್ಟರ್ ಅಂತ ಶುಕ್ರವಾರ, ಸೋಮವಾರ ಎರಡೂ ರಜೆ, ಭಾನುವಾರ ಜರ್ಮನಿಯಲ್ಲಿ ಹೇಗೂ ಅಂಗಡಿ ತೆಗೆಯಲ್ಲ, ಹೊರಗೆ ಜಿಟಿಜಿಟಿ ಮಳೆ ಬೇರೆ, ಹಾಗಾಗಿ ನಾನೂ ರೂಮ್‌ಮೇಟೂ ಲ್ಯಾಪ್‌ಟಾಪ್ ಮುಂದೆ ಕೂತು ಬರೀ ಸಿನಿಮಾ ನೋಡಿದೆವು. ಅವನು ವಿಜಯವಾಡದ ಹುಡುಗ. ಒಂದು ಅವನ ಆಯ್ಕೆ, ಒಂದು ನನ್ನದು ಅಂತ ಒಪ್ಪಂದ. ಫೋನಿನಲ್ಲಿ ಇದನ್ನೆಲ್ಲ ಹೇಳೋಣ ಅಂದ್ರೆ ನೀನು ಕುಕ್ಕರ್ ಕೂಗಿತು ಅಂತ ನಡುವೆ ಎದ್ದು ಹೋಗ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಜಾಕಿ ಚಾನ್ ಹಂಪಿಗೆ ಬಂದಿದ್ದ ಅಂತ ನಾವು ಚಿಕ್ಕವರಿದ್ದಾಗ ಊರೆಲ್ಲ ಮಾತಾಡ್ತಿದ್ದರಲ್ಲ, ಆ ಸಿನಿಮಾ ಸಿಕ್ಕಿತು. ‘ದ ಮಿಥ್’, 2005ರದು. ಅದೂ ಜರ್ಮನ್ ಭಾಷೆಯಲ್ಲಿ! ಇಲ್ಲಿ ಯಾವ ದೇಶದ ಸಿನಿಮಾ ಬಂದರೂ ಡಬ್ ಮಾಡಿಬಿಡ್ತಾರೆ. ನಮ್ಮಲ್ಲಿ ಡಬ್ಬಿಂಗ್ ಬೇಡ ಅಂತ ಎಷ್ಟು ವರ್ಷ ಗಲಾಟೆ ನಡೆಯಿತು, ಇಲ್ಲಿ ಯಾರಿಗೂ ಅದೊಂದು ವಿಷಯವೇ ಅಲ್ಲ. ಕಥೆ ಮಾತ್ರ ಕೇಳಬೇಡ. ಜಾಕಿ ಚಾನ್ ಹಳೇ ವಸ್ತು ಹುಡುಕುವ ಸಂಶೋಧಕ, ಕನಸಿನಲ್ಲಿ ಎರಡು ಸಾವಿರ ವರ್ಷದ ಹಿಂದಿನ ಚೀನಾದ ಸೇನಾಪತಿ, ನಡುವೆ ಮಲ್ಲಿಕಾ ಶೆರಾವತ್, ಜೊತೆಗೆ ಕಳರಿಪಯಟ್ಟು. ಹಂಪಿಯಲ್ಲಿ ಕೇರಳದ ಕಳರಿ ಯಾರು ಕಲಿಸ್ತಾರೆ ಹೇಳು? ಅಂಟು ಸುರಿದ ಬೆಲ್ಟ್ ಮೇಲಿನ ಹೊಡೆದಾಟ ಚೆನ್ನಾಗಿದೆ, ಅದಕ್ಕೆ ಹೊಟ್ಟೆ ಹಿಡಿದು ನಕ್ಕೆವು. ಬಂಡೆ ಕಂಡಾಗಲೆಲ್ಲ ನಾನು ನಿಲ್ಲಿಸಿ, "ಆಚೆ ದಡ ಆನೆಗೊಂದಿ, ಅಲ್ಲಿಂದ ಮುಂದೆ ನಮ್ಮ ಗಂಗಾವತಿ" ಅಂತ ಹೇಳಿ ಹೇಳಿ ಅವನ ತಲೆ ತಿಂದೆ. ಮುಗಿದ ಮೇಲೆ ಯಾಕೋ ಸಿಟ್ಟು ಬಂತು. ನಮ್ಮ ಕಡೆಯವನು ಅನ್ನಿಸುವ ಒಬ್ಬ ಮನುಷ್ಯ ಇಡೀ ಸಿನಿಮಾದಲ್ಲಿ ಇಲ್ಲ. ಅವರಿಗೆ ಬೇಕಾಗಿದ್ದು ಕಲ್ಲು ಅಷ್ಟೇ.

ಅವನ ಆಯ್ಕೆ ‘ಕೆಜಿಎಫ್’ ಎರಡನೇ ಭಾಗ, ತೆಲುಗಿನಲ್ಲಿ. ಯಶ್ ಗತ್ತು ಇಷ್ಟ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಆ ಸದ್ದಿಗೆ ತಲೆನೋವು ಬಂತು. ಕೋಲಾರದ ನಿಜವಾದ ಗಣಿ 2001ರಲ್ಲೇ ಮುಚ್ಚಿತು, ಅಲ್ಲಿ ಕೆಲಸ ಮಾಡಿದವರು ಏನಾದರು ಅನ್ನೋದು ಯಾರಿಗೂ ಬೇಕಿಲ್ಲ. ಗಣಿ ಅಂದ್ರೆ ನಮಗೆ ಗೊತ್ತಿರೋದು ಸಂಡೂರು, ಹೊಸಪೇಟೆ ರಸ್ತೆಯ ಕೆಂಪು ಧೂಳು. ಇದರಲ್ಲಿ ಎಲ್ಲ ಕಪ್ಪು.

ಈಗ ‘ತಿಥಿ’ ವಿಷಯ. ಅಪ್ಪನಿಗೆ ತೋರಿಸಲೇಬೇಕು. ರಾಮ್ ರೆಡ್ಡಿ ತೆಗೆದದ್ದು, ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಅನ್ನೋ ಹಳ್ಳಿಯಲ್ಲಿ, ನಟಿಸಿದವರು ಕಸಬಿನ ನಟರಲ್ಲ, ಹಳ್ಳಿ ಜನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ನೂರೊಂದು ವರ್ಷದ ಸೆಂಚುರಿ ಗೌಡ ಎದುರಿಗೆ ಹೋಗಿ ಬರೋರಿಗೆಲ್ಲ ಬೈಯ್ತಾ ಕೂತವನು ಸತ್ತು ಹೋಗ್ತಾನೆ. ಮಗ ಗಡ್ಡಪ್ಪನಿಗೆ ಅದರ ಪರಿವೆಯೇ ಇಲ್ಲ, ಬಾಟಲಿ ಹಿಡಿದು ಹೊಲ ಸುತ್ತುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರೋ ಅವಸರ, ಅದಕ್ಕೆ ಬದುಕಿರೋ ಅಪ್ಪನನ್ನೇ ಕಾಗದದ ಮೇಲೆ ಸಾಯಿಸೋಕೆ ಓಡಾಡ್ತಾನೆ. ಪಹಣಿ, ಪೌತಿ ಅಂತ ತಾಲೂಕು ಆಫೀಸಿಗೆ ಅಲೆದ ಯಾರಿಗಾದರೂ ಇದು ತಮಾಷೆ ಅನ್ನಿಸೋಕೆ ಸ್ವಲ್ಪ ಹೊತ್ತು ಬೇಕು. ಕುರಿಗಾರರು ಬರ್ತಾರೆ, ನಮ್ಮ ಗದ್ದೆಗೆ ಕುರಿ ತರುಬಲು ಬರ್ತಾರಲ್ಲ, ಅಂಥವರೇ. ಮಂಡ್ಯದ ಮಾತು ಕೆಲವು ಕಡೆ ನನಗೇ ತಿಳಿಯಲಿಲ್ಲ, ಆದರೂ ಒಂದು ಕ್ಷಣವೂ ಸುಳ್ಳು ಅನ್ನಿಸಲಿಲ್ಲ. ನಮ್ಮ ಕಡೆ ಮಾತು ಸಿನಿಮಾದಲ್ಲಿ ಯಾವಾಗ ಹೀಗೆ ಬರುತ್ತೋ! ಈಗ ಬರೋದು ನಗಿಸೋಕೆ, ಇಲ್ಲಾ ರೌಡಿ ಬಾಯಲ್ಲಿ. ಅದೂ ಅವರಿಗೆ ಹುಬ್ಬಳ್ಳಿ, ರಾಯಚೂರು, ಬಳ್ಳಾರಿ ಎಲ್ಲ ಒಂದೇ. ಗಂಗಾವತಿ ಸಂತೆಯಲ್ಲಿ ಹುಬ್ಬಳ್ಳಿಯವರ ಹಾಗೆ ಯಾರು ಮಾತಾಡ್ತಾರೆ ಅಕ್ಕ? ಅರ್ಧ ತೆಲುಗು ಸೇರಿರುತ್ತೆ.

ರೂಮ್‌ಮೇಟ್ ನಿದ್ದೆ ಹೋದದ್ದು ‘ಪರ್ಫೆಕ್ಟ್ ಡೇಸ್’ನಲ್ಲಿ. 2023ರದು, ತೆಗೆದವರು ಇಲ್ಲಿನ ವಿಮ್ ವೆಂಡರ್ಸ್, ಕಥೆ ನಡೆಯೋದು ಟೋಕಿಯೊದಲ್ಲಿ. ಸಾರ್ವಜನಿಕ ಶೌಚಾಲಯ ತೊಳೆಯುವ ಒಬ್ಬ ಮನುಷ್ಯ, ಕೋಜಿ ಯಾಕುಶೊ. ಕಾನ್ ಚಿತ್ರೋತ್ಸವದಲ್ಲಿ ಈ ಪಾತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಏಳ್ತಾನೆ, ಗಿಡಕ್ಕೆ ನೀರು ಹಾಕ್ತಾನೆ, ವ್ಯಾನಿನಲ್ಲಿ ಕ್ಯಾಸೆಟ್ ಹಾಕಿ ಕೆಲಸಕ್ಕೆ ಹೋಗ್ತಾನೆ, ಮಧ್ಯಾಹ್ನ ಮರದ ಫೋಟೋ ತೆಗೀತಾನೆ. ಮಾತು ಬಹಳ ಕಡಿಮೆ. ನನಗೆ ತುಂಬಾ ಹಿಡಿಸಿತು. ಆದರೆ ಒಂದು ಅನುಮಾನ ಕಾಡಿತು. ಆ ಶೌಚಾಲಯಗಳು ಅವನು ತೊಳೆಯೋ ಮೊದಲೇ ಫಳಫಳ ಹೊಳೀತಿರ್ತವೆ. ನಮ್ಮಲ್ಲಿ ಆ ಕೆಲಸ ಯಾರ ಪಾಲಿಗೆ ಬರುತ್ತೆ, ಅವರನ್ನು ಜನ ಹೇಗೆ ಕರೀತಾರೆ ಅಂತ ನಿನಗೆ ಗೊತ್ತು. ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಕ್ಯಾಮೆರಾ ಇಟ್ಟಿದ್ದರೆ ಇಷ್ಟು ಹಿತವಾದ ಸಿನಿಮಾ ಆಗ್ತಿರಲಿಲ್ಲ. ಇದನ್ನು ಹೇಳೋಣ ಅಂದ್ರೆ ಪಕ್ಕದವನು ಗೊರಕೆ ಹೊಡೀತಿದ್ದ.

ಕೊನೆಗೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, 2016ರದು. ನೀನು ನೋಡಿದೀಯ, ಜಾಸ್ತಿ ಬರೆಯಲ್ಲ. ರೌಡಿಗಳ ಭಾಗ ಅರ್ಧ ಕತ್ತರಿಸಿದ್ದರೂ ನಷ್ಟ ಇರಲಿಲ್ಲ. ಆದರೆ ಮರೆವಿನ ಕಾಯಿಲೆಯ ವೆಂಕೋಬ ರಾವ್ ಆಗಿ ಅನಂತ್ ನಾಗ್ ಸುಮ್ನೆ ನಡೆದು ಹೋಗ್ತಿದ್ದರೂ ಕಣ್ಣು ತೆಗೆಯೋಕೆ ಆಗಲ್ಲ. ಮುಗಿದ ತಕ್ಷಣ ಅಪ್ಪನಿಗೆ ಫೋನ್ ಮಾಡಿದೆ. ಇಲ್ಲಿ ಸಂಜೆ ಏಳು, ಅಲ್ಲಿ ರಾತ್ರಿ ಹತ್ತೂವರೆ. "ಯಾಕಪ್ಪಾ, ದುಡ್ಡು ಬೇಕಾ?" ಅಂದರು. ಸುಮ್ನೆ ಮಾಡಿದೆ ಅಂದ್ರೆ ನಂಬಲೇ ಇಲ್ಲ.

ಮಾವನಿಗೆ ಹೇಳಿ ‘ತಿಥಿ’ಯನ್ನು ಟಿವಿಗೆ ಹಾಕಿಸು. ಅವ್ವನಿಗೆ ಮಾತ್ರ ಮೊದಲೇ ಹೇಳಿಡು, ಹೆಸರು ಕೇಳಿದರೆ ಅಪಶಕುನ ಅಂತ ಎದ್ದು ಹೋಗ್ತಾಳೆ. ಅಪ್ಪ ನೋಡಿ ತಮ್ಮಣ್ಣನ ಪರ ಮಾತಾಡ್ತಾರೋ ಗಡ್ಡಪ್ಪನ ಪರವೋ, ಮರೆಯದೆ ತಿಳಿಸು.

ನಿನ್ನ ತಮ್ಮ