ಎರಡನೇ ಅಭಿಪ್ರಾಯ ಕೇಳುವ ರೋಗಿಗೆ ದಾಖಲೆ ಸಿಗಲಿ

ಮಾನ್ಯರೇ,

ಪಿತ್ತಕೋಶದ ಕಲ್ಲಿಗೆ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಹುತೇಕರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ನೋವು ಉಳಿದುಬಿಡುವ ಕೆಲವರು ಬೇರೊಬ್ಬ ತಜ್ಞರ ಬಳಿ ಹೋಗಬೇಕೆಂದಾಗ, ಖರ್ಚಿನ ಚಿಂತೆಗೂ ಮೊದಲೇ ದಾಖಲೆಗಳ ತೊಡಕು ಎದುರಾಗುತ್ತದೆ.

ನನ್ನ ಅಕ್ಕನಿಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಈ ಶಸ್ತ್ರಚಿಕಿತ್ಸೆಯಾದ ಮೇಲೂ ಊಟವಾದ ಸ್ವಲ್ಪ ಹೊತ್ತಿಗೆ ಬಲ ಪಕ್ಕೆಲುಬಿನ ಕೆಳಗೆ ನೋವು ಹಿಡಿದು ಬೆನ್ನಿನವರೆಗೂ ಹರಡುತ್ತಿತ್ತು. ಹೇಳಿಕೊಂಡಾಗಲೆಲ್ಲ ಗ್ಯಾಸ್ಟ್ರಿಕ್ ಎಂದು ಮಾತ್ರೆ ಬರೆದುಕೊಟ್ಟರು. ಮೂತ್ರ ಕಡು ಹಳದಿಯಾಗಿ, ಕಣ್ಣಿನ ಬಿಳಿಭಾಗವೂ ಹಳದಿಗೆ ತಿರುಗಿದಾಗ ಬೇರೆ ಆಸ್ಪತ್ರೆಯ ಉದರರೋಗ ತಜ್ಞರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದೇ ಆಪರೇಷನ್ ನೋಟ್ಸ್, ಅಂದರೆ ಶಸ್ತ್ರಚಿಕಿತ್ಸೆಯಲ್ಲಿ ಏನೇನು ಮಾಡಿದರೆಂದು ವೈದ್ಯರು ಬರೆದಿಡುವ ವಿವರ. ನಮ್ಮ ಕೈಯಲ್ಲಿದ್ದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಶಸ್ತ್ರಚಿಕಿತ್ಸೆ ತೊಂದರೆಯಿಲ್ಲದೆ ಮುಗಿಯಿತು ಎಂಬ ಒಂದು ಸಾಲಿನ ಹೊರತು ಏನೂ ಇರಲಿಲ್ಲ. ಪಿತ್ತಕೋಶದ ನಾಳ ಮುಚ್ಚುವ ಕ್ಲಿಪ್ ಎಲ್ಲಿ ಹಾಕಿದರು, ಪಿತ್ತಕೋಶವನ್ನು ಪೂರ್ತಿ ತೆಗೆದರೋ ಸ್ವಲ್ಪ ಭಾಗ ಬಿಟ್ಟರೋ, ಪಿತ್ತನಾಳದಲ್ಲಿ ಕಲ್ಲಿದೆಯೇ ಎಂದು ಪರೀಕ್ಷಿಸಿದ್ದರೋ ಇಲ್ಲವೋ ತಿಳಿಯುವಂತಿರಲಿಲ್ಲ. ಮೊದಲ ಆಸ್ಪತ್ರೆಗೆ ಕೇಳಲು ಹೋದರೆ, ಆಪರೇಷನ್ ನೋಟ್ಸ್ ಹೊರಗೆ ಕೊಡುವ ಪದ್ಧತಿಯಿಲ್ಲ ಎಂದು ಕಳುಹಿಸಿದರು. ಕೊನೆಗೆ ಪಿತ್ತನಾಳಗಳನ್ನು ತೋರಿಸುವ ಎಂಆರ್‌ಸಿಪಿ ಸ್ಕ್ಯಾನ್‌ನಲ್ಲಿ ಮುಖ್ಯ ಪಿತ್ತನಾಳದಲ್ಲಿ ಸಿಕ್ಕಿಕೊಂಡಿದ್ದ ಕಲ್ಲು ಕಾಣಿಸಿತು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಹೊಟ್ಟೆ ಕೊಯ್ಯದೆ ಅದನ್ನು ತೆಗೆದರು. ಹೀಗೆ ಕಲ್ಲು ಉಳಿಯುವುದು ಪ್ರತಿ ಸಲವೂ ಶಸ್ತ್ರಚಿಕಿತ್ಸಕರ ತಪ್ಪಲ್ಲವೆಂದು ಆ ಉದರರೋಗ ತಜ್ಞರೇ ವಿವರಿಸಿದರು. ನನ್ನ ದೂರು ಕೂಡ ಅದರ ಬಗ್ಗೆ ಅಲ್ಲ.

ರೋಗಿಯಾಗಲಿ, ರೋಗಿಯ ಪರವಾಗಿ ಅಧಿಕೃತರಾದವರಾಗಲಿ ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಎರಡನೇ ಅಭಿಪ್ರಾಯ ಪಡೆಯುವ ಹಕ್ಕೂ ಸೇರಿದೆ. ಆದರೆ ನೋವಿನಿಂದ ನರಳುವವರು ಕೌಂಟರ್ ಮುಂದೆ ನಿಂತು ನಿಯಮ ಉಲ್ಲೇಖಿಸಿ ವಾದಿಸಲು ಆದೀತೇ? ಬೇರೆ ವೈದ್ಯರ ಹೆಸರೆತ್ತಿದರೆ ತಮ್ಮ ಡಾಕ್ಟರಿಗೆ ಬೇಸರವಾದೀತು ಎಂಬ ಅಳುಕಿನಿಂದ ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಕಾಮಾಲೆ, ಚಳಿಜ್ವರ ಕಾಣಿಸಿಕೊಂಡ ಮೇಲೂ ಹೀಗೆ ಕಾಯುವುದು ಪ್ರಾಣಕ್ಕೇ ಅಪಾಯ.

ಆದ್ದರಿಂದ ಆಪರೇಷನ್ ನೋಟ್ಸ್, ಬಯಾಪ್ಸಿ ವರದಿ ಮತ್ತು ಸ್ಕ್ಯಾನ್ ಚಿತ್ರಗಳ ಪ್ರತಿಯನ್ನು ರೋಗಿ ಕೇಳದಿದ್ದರೂ ಡಿಸ್ಚಾರ್ಜ್ ದಿನವೇ ಕೊಡಬೇಕೆಂದು ರಾಜ್ಯ ಆರೋಗ್ಯ ಇಲಾಖೆ ಆದೇಶಿಸಬೇಕು. ಖಾಸಗಿ ಆಸ್ಪತ್ರೆಗಳ ನೋಂದಣಿ ನವೀಕರಿಸುವಾಗ ಇದನ್ನು ಪಾಲಿಸಲಾಗಿದೆಯೇ ಎಂದು ಪರಿಶೀಲಿಸಬೇಕು.

– ಓದುಗರೊಬ್ಬರು, ಹಾಸನ