ನಕ್ಷೆಯಲ್ಲಿ ಸಿ.ಜಿ. ಗುರುತೇ ಇಲ್ಲವಲ್ಲ!

ಮಾನ್ಯ ಸಂಪಾದಕರೇ,

ಕೊರಗೇಟೆಡ್ ಪ್ಲಾಸ್ಟಿಕ್ ಹಾಳೆಯಿಂದ (ಒಳಗೆ ಸಾಲು ಕೊಳವೆ ಇರುವ ಹಾಳೆ) ರಿಮೋಟ್ ಫ್ಲೈಯಿಂಗ್ ವಿಂಗ್, ಅಂದರೆ ಬಾಲವಿಲ್ಲದ, ಬರೀ ರೆಕ್ಕೆಯ ಪುಟ್ಟ ವಿಮಾನ, ಮಾಡುವ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಚಿತ್ರ ಚೆನ್ನಾಗಿತ್ತು, ಅಳತೆಗಳೂ ಇದ್ದವು. ಆದರೆ ತೂಕದ ಕೇಂದ್ರ, ಅದೇ ಎಲ್ಲರೂ ಸಿ.ಜಿ. ಅನ್ನುವುದು, ಎಲ್ಲಿ ಬರಬೇಕು ಅಂತ ಒಂದು ಚುಕ್ಕಿಯೂ ಇರಲಿಲ್ಲ. ಆ ನಕ್ಷೆ ನಂಬಿ ಹಾಳೆ ಕತ್ತರಿಸಿ, ಹಿಂದೆ ಮೋಟಾರ್ ಕೂರಿಸಿ ಎಸೆದರೆ ವಿಮಾನ ಮೂಗೆತ್ತಿ ಪಲ್ಟಿ ಹೊಡೆಯುತ್ತದೆ. ಆಮೇಲೆ ಬೈಗುಳವೆಲ್ಲ ಪ್ಲಾಸ್ಟಿಕ್‌ಗೆ.

ಮಾಮೂಲಿ ವಿಮಾನದ ಬಾಲ ದೂರದಲ್ಲಿರುತ್ತದೆ, ತೂಕ ಸ್ವಲ್ಪ ಆಚೀಚೆ ಆದರೂ ಸಂಭಾಳಿಸುತ್ತದೆ. ಇದಕ್ಕೆ ಬಾಲವೇ ಇಲ್ಲ. ಅಮೆರಿಕದ ನಾರ್ತ್‌ರಾಪ್ ಕಂಪನಿಯವರ ಇಂಥದೇ ಬಾಲವಿಲ್ಲದ ಬಾಂಬರ್ ವೈಬಿ-49 1947ರಲ್ಲಿ ಹಾರಿತು, ಅದೇ ಕಂಪನಿಯ ಬಿ-2 ಬಾಂಬರ್ ಹಾರಿದ್ದು 1989ರಲ್ಲಿ, ಬಿ-2ವನ್ನು ನೆಟ್ಟಗೆ ಇಡುವುದು ಕಂಪ್ಯೂಟರ್. ನಮ್ಮ ಕೈಲಿರುವುದು ಸ್ಕೇಲು, ಪೆನ್ಸಿಲ್ ಅಷ್ಟೇ.

ಒಂದು ಲೆಕ್ಕ ನೋಡಿ. ತುದಿಯಿಂದ ತುದಿಗೆ 90 ಸೆಂ.ಮೀ., ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಅಗಲ ಎಲ್ಲ ಕಡೆ 25 ಸೆಂ.ಮೀ., ಎರಡೂ ತುದಿ ಮೂಗಿಗಿಂತ 16 ಸೆಂ.ಮೀ. ಹಿಂದಕ್ಕೆ ವಾಲಿದ ರೆಕ್ಕೆ. ಒಂದು ಬದಿಯ ನಡುಮಧ್ಯದಲ್ಲಿ ಮುಂದಿನ ಅಂಚು ಮೂಗಿಗಿಂತ 8 ಸೆಂ.ಮೀ. ಹಿಂದಿರುತ್ತದೆ. ಅಲ್ಲಿಂದ ಅಗಲದ ಕಾಲು ಭಾಗ ಹಿಂದೆ ಹೋದರೆ ಮೂಗಿನಿಂದ ಸುಮಾರು 14 ಸೆಂ.ಮೀ. ರೆಕ್ಕೆಯನ್ನು ಮೇಲೆತ್ತುವ ಬಲ ಕೂರುವುದು ಹೆಚ್ಚುಕಡಿಮೆ ಇದೇ ಗೆರೆಯಲ್ಲಿ. ತೂಕದ ಕೇಂದ್ರ ಈ ಗೆರೆಗಿಂತ ಮುಂದೆ ಇರಲೇಬೇಕು, 12 ಸೆಂ.ಮೀ.ಗೆ ಇಟ್ಟರೆ ಕ್ಷೇಮ. ಇಡೀ ವಿಮಾನ ನಿಂತಿರುವುದು ಆ 2 ಸೆಂ.ಮೀ. ಮೇಲೆ!

ಈಗ ಹಾಳೆಗೆ ಬನ್ನಿ. 4 ಮಿ.ಮೀ. ಹಾಳೆ ಚದರ ಮೀಟರಿಗೆ ಸುಮಾರು 700 ಗ್ರಾಂ ತೂಗುತ್ತದೆ. ಮೇಲೊಂದು ಕೆಳಗೊಂದು ಪದರ ಹಾಕಿದರೆ ಈ ರೆಕ್ಕೆಗೇ 315 ಗ್ರಾಂ ಆಯಿತು, ಅದರ ಭಾರ ಬೀಳುವುದು ನಮಗೆ ಬೇಕಾದ ಜಾಗಕ್ಕಿಂತ 8.5 ಸೆಂ.ಮೀ. ಹಿಂದೆ. ಅದನ್ನು ಸರಿದೂಗಿಸಲು ಮೂಗಿನ ಹತ್ತಿರ, ಸಿ.ಜಿ.ಗಿಂತ 10 ಸೆಂ.ಮೀ. ಮುಂದೆ, 270 ಗ್ರಾಂ ಹತ್ತಿರ ಬೇಕು. ಇನ್ನೂ ಮೋಟಾರ್ ಲೆಕ್ಕಕ್ಕೇ ಬಂದಿಲ್ಲ! 2 ಮಿ.ಮೀ. ಹಾಳೆ ಹಾಕಿದರೆ ಇದೆಲ್ಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಬ್ಯಾಟರಿಯೇ ಆ ತೂಕ ಕೊಡುತ್ತದೆ, ಸುಮ್ನೆ ಸೀಸ ಕಟ್ಟುವ ಕೆಲಸ ಇಲ್ಲ. ತೆಳು ಹಾಳೆ ಬಾಗುತ್ತದೆ ನಿಜ, ಅದಕ್ಕೆ ಒಳಗೆ ಉದ್ದಕ್ಕೆ ಒಂದು ಕಾರ್ಬನ್ ಕಡ್ಡಿ ಇಟ್ಟರಾಯಿತು. ಗಟ್ಟಿ ಇರಲಿ ಅಂತ ದಪ್ಪ ಹಾಳೆ ಹಾಕಿ ಅನ್ನುವ ಲೇಖನದ ಸಲಹೆ ನನಗೆ ಒಪ್ಪಿಗೆ ಇಲ್ಲ.

ಮೋಟಾರನ್ನೂ ಮೂಗಿಗೇ ತನ್ನಿ ಅಂತೀನಿ ನಾನು. ಇಳಿಯುವಾಗ ಪ್ರೊಪೆಲ್ಲರ್ ಮುರಿಯುವುದು ಜಾಸ್ತಿ, ಹೌದು. ಆದರೆ ತೂಕ ತಾನಾಗಿ ಮುಂದೆ ಬರುತ್ತದೆ, ಕೈಯಿಂದ ಎಸೆಯುವಾಗ ತಿರುಗುವ ಪ್ರೊಪೆಲ್ಲರ್ ಬೆರಳಿನ ಮೇಲೆ ಹಾದುಹೋಗುವ ಭಯವೂ ಇಲ್ಲ.

ಉಳಿದದ್ದು ಸುಲಭ. ಹಾಳೆಯ ಕೊಳವೆಗಳು ರೆಕ್ಕೆಯ ಉದ್ದಕ್ಕೇ ಇರಲಿ. ಹಿಂದಿನ ಅಂಚಿನ ಹತ್ತಿರ ಒಂದು ಕೊಳವೆಯ ಮೇಲಿನ ಪದರ ಮಾತ್ರ ಬ್ಲೇಡಿನಿಂದ ಸೀಳಿ ತೆಗೆದರೆ ಕೆಳಗಿನ ಪದರವೇ ಎಲೆವಾನ್‌ಗೆ (ವಿಮಾನವನ್ನು ಏರಿಸಿ ಇಳಿಸಿ ತಿರುಗಿಸುವ ಹಿಂದಿನ ಅಂಚಿನ ಪಟ್ಟಿಗೆ) ಕೀಲು. ಇದು ಪಾಲಿಪ್ರೊಪಿಲೀನ್, ಎಷ್ಟು ಮಡಚಿದರೂ ಬೇಗ ತುಂಡಾಗುವುದಿಲ್ಲ, ಆದರೆ ಅಂಟು ಮಾತ್ರ ಹಿಡಿಯುವುದು ಕಷ್ಟ, ಉಪ್ಪುಕಾಗದದಲ್ಲಿ ಉಜ್ಜಿ ಹಾಟ್ ಗ್ಲೂ ಹಾಕಿ ಮೇಲೆ ಟೇಪ್ ಸುತ್ತಬೇಕು. ರಿಮೋಟ್‌ನಲ್ಲಿ ಎಲೆವಾನ್ ಮಿಕ್ಸಿಂಗ್, ಅಂದರೆ ಏರಿಳಿತ ಮತ್ತು ತಿರುವು ಎರಡರ ಆದೇಶವನ್ನೂ ಸೇರಿಸಿ ಎರಡೂ ಎಲೆವಾನ್‌ಗೆ ಕಳಿಸುವ ಸೌಲಭ್ಯ, ಇದೆಯಾ ಅಂತ ಕೊಳ್ಳುವ ಮೊದಲೇ ನೋಡಿ. ಮೊದಲ ಹಾರಾಟಕ್ಕೆ ಎರಡೂ ಎಲೆವಾನ್ 2-3 ಮಿ.ಮೀ. ಮೇಲಕ್ಕೆ ಎದ್ದಿರಲಿ, ಇಲ್ಲದಿದ್ದರೆ ಮೂಗು ಕೆಳಗೆ ಹಾಕುತ್ತದೆ.

ಆ ನಕ್ಷೆಯನ್ನು ಸಿ.ಜಿ. ಗುರುತಿನ ಜೊತೆ ಇನ್ನೊಮ್ಮೆ ಹಾಕಿ. ರಜೆ ಶುರುವಾಗುವ ಮೊದಲು ಹಾಕಿದರೆ ಇನ್ನೂ ಒಳ್ಳೆಯದು.

ಇಂತಿ,
ನಿಮ್ಮ ಓದುಗ