ಕಟ್ಟಿಸಿಕೊಟ್ಟ ಹಲ್ಲು ಬಳಕೆಯಲ್ಲಿದೆಯೇ?

ಮಾನ್ಯರೇ,

ದಂತಭಾಗ್ಯ ಯೋಜನೆಯಡಿ ಬಡ ಹಿರಿಯರಿಗೆ ದಂತ ವೈದ್ಯಕೀಯ ಕಾಲೇಜುಗಳ ಮೂಲಕ ಉಚಿತವಾಗಿ ಪೂರ್ಣ ಹಲ್ಲುಸೆಟ್ ಕಟ್ಟಿಸಿಕೊಡುವ ಏರ್ಪಾಡು ಸ್ತುತ್ಯರ್ಹ. ಆದರೆ ಹಲ್ಲು ಹೋದ ಮೇಲೆ ವಸಡಿನಡಿಯ ಎಲುಬು, ಅದರಲ್ಲೂ ಕೆಳದವಡೆಯದು, ವರ್ಷದಿಂದ ವರ್ಷಕ್ಕೆ ಸವೆಯುತ್ತಲೇ ಇರುವುದರಿಂದ, ಇಂದು ಬಿಗಿಯಾಗಿ ಕೂತ ಸೆಟ್ ಕ್ರಮೇಣ ಸಡಿಲಗೊಂಡು, ರೊಟ್ಟಿ ಅಗಿಯುವಾಗ ಮೇಲೆದ್ದು, ಕೊನೆಗೆ ಡಬ್ಬಿ ಸೇರುವುದುಂಟು. ಆದರೂ 3 ವರ್ಷಗಳ ಎಂಡಿಎಸ್ (ದಂತ ವೈದ್ಯಕೀಯ ಸ್ನಾತಕೋತ್ತರ ಪದವಿ) ವ್ಯಾಸಂಗದಲ್ಲಿ ಕೃತಕ ದಂತ ವಿಭಾಗದವರು ಕಡ್ಡಾಯವಾಗಿ ಬರೆಯುವ ಪ್ರಬಂಧಗಳಲ್ಲಿ ಹಲವು, ಸೆಟ್ ತಯಾರಿಸುವ ಪ್ಲಾಸ್ಟಿಕ್ ಆದ ಅಕ್ರಿಲಿಕ್‌ನ ಗಡಸುತನ, ಅಂಟಿನ ಬಲ ಮುಂತಾದ ಪ್ರಯೋಗಾಲಯದ ಅಳತೆಗಳಲ್ಲೇ ಮುಗಿಯುತ್ತವೆ. ಅವು ಬೇಡವೆಂದಲ್ಲ, ಬೇಗ ಮುಗಿಯುತ್ತವೆಂಬ ಅನುಕೂಲವೂ ಅದಕ್ಕೆ ಕಾರಣವಿದ್ದೀತು. ಫಲಾನುಭವಿಗಳನ್ನು ಪ್ರತಿವರ್ಷ ಕರೆಸಿ, ಸೆಟ್‌ನ ಒಳಮೈಗೆ ಹೊಸ ಪದರ ಹಾಕಿಕೊಟ್ಟು, ಅವರು ಏನನ್ನು ಅಗಿಯಬಲ್ಲರೆಂದು ದಾಖಲಿಸುವ ಅಧ್ಯಯನಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಆದ್ಯತೆ ನೀಡಬೇಕು.

– ನಿವೃತ್ತ ದಂತವೈದ್ಯೆ, ಹಾಸನ